ದೀಪಗಾರನ ಕಥೆ, ಸರಿಯಾದ ಕ್ರಮದಲ್ಲಿ

ನ್ಯೂಲಿನ್, ಕಾರ್ನ್‌ವಾಲ್
೨೦ ಜೂನ್ ೨೦೨೩

ಪ್ರೀತಿಯ ತಂಗಿ ಮೊರ್ವೆನಾ,

ಮೊದಲು ನಿನ್ನ ಕ್ಷಮೆ ಕೇಳಬೇಕು. ಮೇ ತಿಂಗಳ ಪತ್ರದಲ್ಲಿ ನಮ್ಮ ಸಂಗೀತ ತಂಡದ ಇತಿಹಾಸವೆಂದು ಬರೆದು ಕಳುಹಿಸಿದ್ದರಲ್ಲಿ ಮೂರು ತಾರೀಖುಗಳು ತಪ್ಪಾಗಿವೆ, ಕೊನೆಯಲ್ಲಿ ತಿದ್ದಿದ್ದೇನೆ. ತಡವಾಗಿ ಬರೆಯುತ್ತಿರುವುದಕ್ಕೆ ಕಾರಣ ತಾಲೀಮು.

ಶನಿವಾರ ನಮ್ಮ ‘ದೀಪಗಾರ’ ಗೀತಕಥೆಯನ್ನು ಪ್ರಾರ್ಥನಾಮಂದಿರದ ಸಭಾಂಗಣದಲ್ಲಿ ನುಡಿಸಿದೆವು, ನೀನು ಬರೆದ ಕ್ರಮದಲ್ಲಿಯೇ. ಐವತ್ತು ವರ್ಷಗಳ ಹಿಂದೆ ಕಾರ್ಖಾನೆಯಲ್ಲಿ ಅದರ ಧ್ವನಿಮುದ್ರಿಕೆಯ ಎರಡು ಬದಿಗಳು ಅದಲುಬದಲಾಗಿ ಅಚ್ಚಾದವು. ದೀಪಗಾರ ಮೊದಲನೆಯ ಬದಿಯಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿದ. ಎರಡನೆಯದರಲ್ಲಿ ಕೂಸಾಗಿ ದಡ ಸೇರಿದ. ನಮ್ಮ ಪ್ರೋಗ್ರೆಸಿವ್ ರಾಕ್ ಸಂಗೀತವೆಂದರೆ ತಲೆಬುಡವಿಲ್ಲದ್ದು ಎನ್ನುತ್ತಿದ್ದ ಪತ್ರಿಕೆಗಳಿಗೆ ಹಬ್ಬವಾಯಿತು. ನಗೆಗೆ ಗುರಿಯಾದವಳು ಸಾಹಿತ್ಯ ಬರೆದ ನೀನು. ಆಗ ನಿನಗೆ ಇಪ್ಪತ್ತು ವರ್ಷ. ಅನಂತರ ನೀನು ಒಂದು ಸಾಲನ್ನೂ ಬರೆಯಲಿಲ್ಲ. ಈ ಸಲದ ಆಹ್ವಾನಕ್ಕೂ ಫ್ರಾನ್ಸಿನ ಬ್ರಿಟನಿಯಿಂದ ‘ಇನ್ನೊಮ್ಮೆ ನಗಿಸಬೇಡ’ ಎಂದಷ್ಟೇ ಉತ್ತರಿಸಿದೆ.

ಯಾರೂ ನಗಲಿಲ್ಲ, ತಂಗಿ.

ಡ್ರಮ್ಸ್ ನುಡಿಸುವ ಜೋರಿಯ ಗೊಣಗಾಟ ಮಾತ್ರ ಎಂದಿನಂತೆಯೇ ಇತ್ತು.

“ಲೇ ಡೆನ್‌ಜಿಲ್, ಈ ಏಳು ಮಾತ್ರೆ ತಾಳ ಕಟ್ಟಿದ್ದು ಯಾವ ತಲೆಕೆಟ್ಟೋನೋ?”

“ನೀನೇ ಕಣೋ.”

“ಆಗ ನಂಗೆ ಮಂಡಿ ಇತ್ತು ಕಣೋ!”

ಆದರೆ ಕೂಸು ದಡ ಸೇರಿತು, ಬೆಳೆಯಿತು, ದೀಪ ಹಚ್ಚಿತು; ಕಡೆಗೆ ಅನ್ಯರ ದೋಣಿಗಳನ್ನು ಉಳಿಸಲು ಹೋಗಿ ಕಡಲಿನ ಪಾಲಾಯಿತು. ನಿನ್ನ ಕೊನೆಯ ಚರಣವನ್ನು ಬಂದರಿನ ಮೀನುಗಾರರ ಗಾಯನಮೇಳ ಎತ್ತಿಕೊಂಡಾಗ ಸಭೆಗೆ ಸಭೆಯೇ ಎದ್ದು ನಿಂತು ಜೊತೆಗೆ ಹಾಡಿತು. ಆ ನಿನಾದಕ್ಕೆ ಕಿಟಕಿಯ ಗಾಜುಗಳು ನಡುಗಿದವು. ಮೂರು ಸಲ ಹಾಡಿಸಿಕೊಂಡರು.

ಮೀನು ಮಾರುವ ಮುದುಕಿ ಕೆರೆನ್ಸಾ ವೇದಿಕೆಯ ಬಳಿಗೇ ಬಂದಳು. “ನಿನ್ ತಂಗಿ ಬಾಯಿಗೆ ಬಂದಿದ್ದು ಗೀಚಿದ್ಲು ಅಂತ ನಾನೂ ನಕ್ಕಿದ್ದೆ ಕಣಪ್ಪಾ. ಈಗ ನೋಡು, ಕರವಸ್ತ್ರ ಪೂರ್ತಿ ಒದ್ದೆ. ಆ ಕಾರ್ಖಾನೆಯವರ ಕೈ ಸೇದಿಹೋಗ! ಅವಳಿಗೆ ಬರಹೇಳು. ನಾನೇ ಕ್ಷಮೆ ಕೇಳ್ತೀನಿ.”

ನಿನ್ನ ಹೆಸರನ್ನು ಜೋರಿ ಕೂಗಿದ. ನಾಲ್ಕುನೂರು ಜನ ಮತ್ತೆ ಕೂಗಿದರು. ಗೆದ್ದವಳು ನೀನು. ನಿನ್ನ ಲೇಖನಿ ಮತ್ತೆ ನಡೆಯಲಿ, ಕಣ್ಣು, ಕೈಗಳಲ್ಲಿ ಬಲವಿರಲಿ ಎಂದು ಹರಸುತ್ತೇನೆ.

ನಿನ್ನ ಅಣ್ಣ,
ಡೆನ್‌ಜಿಲ್

ಮರೆತ ಮಾತು: ಎಲ್ಲರೂ ಕಾರ್ಖಾನೆಯನ್ನು ಬೈಯುವಾಗ ನಾನೂ ತಲೆಯಾಡಿಸಿದೆ. ಆದುದರಿಂದ ತಿದ್ದುಪಡಿಗಳನ್ನು ಕೊನೆಯವರೆಗೂ ಓದು.

ಮೊದಲ ತಾಲೀಮು: ಅಕ್ಟೋಬರ್ ಅಲ್ಲ, ೬ ನವೆಂಬರ್ ೧೯೭೧.

ಧ್ವನಿಮುದ್ರಿಕೆ ಅಂಗಡಿಗೆ ಬಂದದ್ದು: ೧೮ ಮೇ ಅಲ್ಲ, ೨೫ ಮೇ ೧೯೭೩.

ಕಾರ್ಖಾನೆಗೆ ಕಳುಹಿಸಿದ ಧ್ವನಿಸುರುಳಿಗಳ ಡಬ್ಬಿಗಳ ಮೇಲೆ ‘ಒಂದು’, ‘ಎರಡು’ ಎಂದು ಅದಲುಬದಲಾಗಿ ಬರೆದದ್ದು: ೧೨ ಮಾರ್ಚ್, ಕಾರ್ಖಾನೆಯವರು ಎಂದಿದ್ದೆ. ಅಲ್ಲ. ೯ ಮಾರ್ಚ್ ೧೯೭೩, ಶುಕ್ರವಾರ, ಅಮ್ಮನ ಅಡುಗೆಮನೆಯಲ್ಲಿ, ನಾನು. ಕೈತಪ್ಪಿನಿಂದಲ್ಲ; ನನ್ನ ಆರ್ಗನ್ ವಾದನವಿದ್ದ ಬದಿಯನ್ನು ರೇಡಿಯೋದವರು ಮೊದಲು ಕೇಳಲಿ ಎಂದು.