ಬಾಟಲಿ ಮುಚ್ಚಳದ ಪದಕ

ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ತಂಗೀ,

ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ‘ಹೂಂ’ ಬಿಟ್ಟು ಬೇರೆ ಮಾತಿಲ್ಲ. ಕಾಗದವನ್ನಾದರೆ ನೀನು ಅರ್ಧಕ್ಕೇ ಬಿಡಲಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ರಜೆಗೆಂದು ಬಂದ ನಿನ್ನ ಮಗಳು ಚೆನ್ನಾಗಿದ್ದಾಳೆ. ಹೊಟ್ಟೆ ತುಂಬ ಉಣ್ಣುತ್ತಾಳೆ, ನನ್ನ ಮಗಳ ಜೊತೆ ಸೇರಿ ಮನೆಯನ್ನು ತಲೆಕೆಳಗು ಮಾಡುತ್ತಾಳೆ.

ಈ ವಾರ ಇಬ್ಬರಿಗೂ ಒಡವೆಯ ಹುಚ್ಚು. ಹುಚ್ಚು ಹಿಡಿಸಿದವಳು ನಾನೇ ಅನ್ನು. ಹಳೆಯ ಕ್ಯಾಲೆಂಡರನ್ನು ಪಟ್ಟಿ ಪಟ್ಟಿ ಕತ್ತರಿಸಿ, ಪೊರಕೆ ಕಡ್ಡಿಗೆ ಬಿಗಿಯಾಗಿ ಸುತ್ತಿ, ತುದಿಗೆ ಅಂಟು ಹಚ್ಚಿ ಕಡ್ಡಿ ಎಳೆದರೆ ಒಂದು ಮಣಿ. ಖಾಲಿ ರೀಫಿಲ್ಲು ಚೂರು ಮಾಡಿದರೆ ಇನ್ನೊಂದು ಬಗೆ. ನಿನ್ನ ಭಾವನವರ ಹಳೆಯ ಅಂಗಿಗಳ ಗುಂಡಿಗಳೆಲ್ಲ ಕಿವಿಯೋಲೆಗಳಾದವು. ಹಳೆಯದಲ್ಲದ ಒಂದು ಅಂಗಿಯದೂ ಹೋಗಿದೆ, ಅವರಿಗಿನ್ನೂ ಗೊತ್ತಿಲ್ಲ. ಸರಕ್ಕೆ ಪದಕ ಬೇಕಲ್ಲ? ಬಾಟಲಿ ಮುಚ್ಚಳವನ್ನು ಕಲ್ಲಿನಿಂದ ಜಜ್ಜಿ ಚಪ್ಪಟೆ ಮಾಡಿ, ಚಾಕೊಲೇಟಿನ ಬಂಗಾರದ ಕಾಗದ ಸುತ್ತಿದರು. ಅತ್ತೆಯವರ ಪದಕಕ್ಕಿಂತ ಹೆಚ್ಚು ಹೊಳೆಯುತ್ತಿತ್ತು ಕಣೇ.

ಪದಕ ಎಂದೊಡನೆ ನೀನು ಮುಖ ಗಂಟು ಹಾಕಿಕೊಂಡಿರುತ್ತೀಯ. ಇರಲಿ, ಮುಂದೆ ಓದು. ಅತ್ತೆ ಹೋದ ಮೇಲೆ ಅವರ ಎರಡೆಳೆ ಸರವನ್ನು ಸೊಸೆಯರಿಬ್ಬರೂ ಒಂದೊಂದು ಎಳೆ ಹಂಚಿಕೊಂಡೆವು. ಪದಕ ಒಂದೇ ಇತ್ತು. ಹಿರಿಸೊಸೆಯೆಂದು ನಾನು ಇಟ್ಟುಕೊಂಡೆ, ನೀನು ಮಾತು ಬಿಟ್ಟೆ. ಆ ಜಗಳವನ್ನು ಈ ಇಬ್ಬರೂ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದರಂತೆ. ನಿನ್ನೆ ಅದನ್ನೇ ಆಟ ಕಟ್ಟಿದರು! ನಿನ್ನವಳು ನಾನಾದಳು, ನನ್ನವಳು ನೀನಾದಳು. ನಿನ್ನವಳು ಸೊಂಟಕ್ಕೆ ಕೈಯಿಟ್ಟು, “ನಂಗೇನೂ ಬೇಡಮ್ಮ, ನ್ಯಾಯ ಆದ್ರೆ ಸಾಕು” ಎಂದು ನನ್ನ ರಾಗದಲ್ಲೇ ಎಳೆದಳು. ನನ್ನವಳು, “ಅತ್ತೆ ಕಾಲೊತ್ತಿದ್ದು ನಾನು, ಅಕ್ಕಂದು ಬರೀ ಬಾಯಿ” ಎಂದಳು. ಅಡುಗೆಮನೆಯಲ್ಲಿ ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕೆ. ಆಮೇಲೆ ನಾಚಿಕೆಯೂ ಆಯಿತು.

ಅಷ್ಟರಲ್ಲಿ ನಿನ್ನವಳು ನನ್ನದೇ ದನಿಯಲ್ಲಿ, “ತಗೊಳ್ಳೇ, ನಿನ್ನ ಕತ್ತಿಗೇ ಚೆನ್ನಾಗಿ ಕಾಣುತ್ತೆ” ಎಂದು ಸರ ಚಾಚಿದಳು. ಈ ಮಾತು ನಾನು ಆಡಿದ್ದಲ್ಲ, ತಂಗಿ. ತನ್ನ ದೊಡ್ಡಮ್ಮ ಹೀಗೇ ಅನ್ನುವವಳು ಎಂದು ಆ ಮಗು ನಂಬಿಕೊಂಡಿದೆ. ನನ್ನವಳು, “ಬೇಡಕ್ಕ, ನೀನೇ ಇಟ್ಕೋ” ಎಂದಳು. ಇವಳು ತಗೋ ಅನ್ನುವುದು, ಅವಳು ಬೇಡ ಅನ್ನುವುದು. ಎಳೆದಾಡಿ ದಾರ ಕಿತ್ತು ಮಣಿಗಳೆಲ್ಲ ಮಂಚದಡಿ ಸೇರಿದವು. ಮೂವರೂ ಮಂಡಿಯೂರಿ ಹೆಕ್ಕಿದೆವು. ಬಹಳ ದಿನಗಳ ಮೇಲೆ ಮನಸ್ಸು ಹಗುರಾಯಿತು.

ಅತ್ತೆಯವರ ಪದಕ ಬೀರುವಿನಲ್ಲಿದೆ. ಅದು ನಿನಗೆ. ಮಗುವಿನ ನಂಬಿಕೆಯನ್ನು ಸುಳ್ಳು ಮಾಡಲು ನನಗೆ ಮನಸ್ಸಿಲ್ಲ. ನೀನಿಲ್ಲದೆ ಈ ಮನೆ ನನಗೆ ಬೇಸರ, ಅದನ್ನೂ ಹೇಳಿಬಿಡುತ್ತೇನೆ.

ನಿನ್ನ ಬಾಯಿಬಡುಕಿ
ಅಕ್ಕ

ತಾ.ಕ.: ಭಾನುವಾರ ಬಂದು ಮಗಳನ್ನು ಕರೆದೊಯ್ಯುತ್ತೇನೆಂದ ನಿನ್ನ ಗಂಡನಿಗೆ, ಮಗುವಿಗೆ ನೆಗಡಿ, ಈಗ ಓಡಾಟ ಬೇಡ ಎಂದು ಫೋನಿನಲ್ಲಿ ಹೇಳಿದ್ದೇನೆ. ನೆಗಡಿಯೂ ಇಲ್ಲ, ಗಿಗಡಿಯೂ ಇಲ್ಲ. ಅವನು ಬಂದರೆ ಕಳಿಸುವುದಿಲ್ಲ. ನೀನೇ ಬರಬೇಕು.