ನಲ್ಲಿವರೆಗೆ ನಡೆಯದ ಜೋಡು

ನಮ್ಮ ಪಾದರಕ್ಷೆ ಅಂಗಡಿಯಿಂದ,
ತಾರೀಕು ಹದಿನಾಲ್ಕು, ಬುಧವಾರ ಬೆಳಿಗ್ಗೆ

ಪ್ರೀತಿಯ ಚಿಗರೆ,

ಹೇಗಿದ್ದೀಯಮ್ಮಾ? ತಲೆ ಸುತ್ತುವುದು ಕಡಿಮೆಯಾಯಿತೇ? ಊಟ ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ? ಕೈಬಿಟ್ಟ ಲೋಟ ಇಲ್ಲಿ ಕೆಳಕ್ಕೆ ಬೀಳುತ್ತದೆ ಅನ್ನುವುದನ್ನು ಮರೆಯಬೇಡ. ನಿನ್ನನ್ನು ಇಟ್ಟುಕೊಂಡಿರುವ ಆಸ್ಪತ್ರೆಯವರ ಪಾತ್ರೆಗಳದ್ದೇ ನಿನ್ನ ಅಮ್ಮನಿಗೆ ಚಿಂತೆ. ಇಲ್ಲಿ ನಾವು ಕ್ಷೇಮ. ನನ್ನ ಕ್ಷೇಮದ ವಿಷಯದಲ್ಲಿ ಮಾತ್ರ ಒಂದು ತಪ್ಪೊಪ್ಪಿಗೆ ಇದೆ, ಮುಂದೆ ಬರೆಯುತ್ತೇನೆ, ಕೋಪ ಮಾಡಿಕೊಳ್ಳದೆ ಓದು.

ಎಂಟು ತಿಂಗಳು ಬಾಹ್ಯಾಕಾಶ ನಿಲ್ದಾಣದಲ್ಲಿದ್ದು ಭಾನುವಾರ ನೀನು ಇಳಿದದ್ದನ್ನು ಅಂಗಡಿಯಲ್ಲೇ ಟಿ.ವಿ. ಇಟ್ಟುಕೊಂಡು ನೋಡಿದೆವು. ಎದುರಿನ ಕ್ಷೌರದವನು ಗಿರಾಕಿಯ ಒಂದು ಕೆನ್ನೆ ಬೋಳಿಸಿ, ಇನ್ನೊಂದರ ಮೇಲೆ ನೊರೆ ಬಿಟ್ಟು, ಅವನನ್ನೂ ಎಳೆದುಕೊಂಡೇ ಬಂದಿದ್ದ. ಪ್ಯಾರಾಚೂಟು ಬಿಚ್ಚಿಕೊಂಡಾಗ ಅಮ್ಮ ನನ್ನ ತೋಳು ಹಿಡಿದ ಹಿಡಿತಕ್ಕೆ ಇವತ್ತಿಗೂ ಅಲ್ಲಿ ಕಪ್ಪಿಟ್ಟಿದೆ. ನಾಲ್ಕು ಜನ ನಿನ್ನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದಾಗ ಅವಳು, "ನನ್ನ ಮಗಳಿಗೆ ನಡೆಯೋದೇ ಮರೆತುಹೋಯ್ತಾ" ಅಂತ ಅಳುವುದಕ್ಕೆ ಶುರುಮಾಡಿದಳು. ಕ್ಷೌರದವನು, "ಎಂಟು ತಿಂಗಳು ಕಾಲಿಗೆ ರಜೆ ಅಕ್ಕಾ. ರಜೆ ಮುಗಿಸಿ ಬಂದವರು ಮೊದಲ ದಿನವೇ ಕೆಲಸ ಮಾಡ್ತಾರಾ?" ಅಂದ. ಅಷ್ಟರಲ್ಲಿ ನೀನು ಕೈ ಎತ್ತಿ ನಕ್ಕೆ. ನೊರೆಯ ಗಿರಾಕಿ ಸಹಿತ ಕೇಕೆ ಹಾಕಿದ. ನಲವತ್ತು ವರ್ಷದಲ್ಲಿ ಈ ಅಂಗಡಿ ಅಂಥ ಸದ್ದು ಕೇಳಿರಲಿಲ್ಲ.

ನಮ್ಮ ಕಟ್ಟಳೆ ನಿನಗೆ ನೆನಪಿದೆಯಲ್ಲ. ಹೊಸ ಜೋಡು ಹಾಕಿಕೊಂಡು ಬೀದಿ ತುದಿಯ ನಲ್ಲಿವರೆಗೆ ನಡೆದು ವಾಪಸ್ ಬರಬೇಕು. ಎಲ್ಲೂ ಕಚ್ಚಲಿಲ್ಲ ಅಂತ ಹಾಕಿಕೊಂಡವರೇ ಬಾಯಿಬಿಟ್ಟು ಹೇಳಿದ ಮೇಲೇ ಜೋಡು ಅಂಗಡಿ ಬಿಡುವುದು. ಚಿಕ್ಕವಳಿದ್ದಾಗ ನಡೆದು ಬಾ ಅಂದರೆ ಜಿಂಕೆಯ ಹಾಗೆ ಓಡಿಬರುತ್ತಿದ್ದೆ, ಅದಕ್ಕೇ ಚಿಗರೆ ಅಂತ ಹೆಸರಾಯಿತು. ಬಾಹ್ಯಾಕಾಶಕ್ಕೆ ಹೊರಡುವ ಮುಂಚೆಯೂ ಹೊಸ ಜೋಡು ಹಾಕಿಕೊಂಡು ನೀನು ನಡೆದೆ, ನಾನೂ ಜೊತೆಗೆ ಬಂದೆ. "ವಾಪಸ್ ಬಂದ ಮೇಲೂ ಹೀಗೇ ಇಬ್ಬರೂ ನಡೆಯೋಣ ಅಪ್ಪಾ" ಅಂದೆ. ನಾನು ಹೂಂ ಅಂದೆ. ಬೀಳ್ಕೊಡುವ ದಿನ ಸೋಂಕು ತಗಲಬಾರದೆಂದು ನಿನ್ನನ್ನು ಗಾಜಿನಾಚೆ ನಿಲ್ಲಿಸಿದ್ದರು; ಮುಟ್ಟಲಾಗಲಿಲ್ಲ, ನೀನು ಕಾಲೆತ್ತಿ ಆ ಜೋಡು ತೋರಿಸಿದೆ.

ಈಗ ತಪ್ಪೊಪ್ಪಿಗೆ. ನೀನು ಹೋದ ಎರಡನೇ ತಿಂಗಳು ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ನನ್ನ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಮೊದಲಿನ ಹಾಗೆ ನಡೆಯುವುದು ಅನುಮಾನ ಅಂದರು ಡಾಕ್ಟರು. ಅಷ್ಟು ದೂರದಿಂದ ನೀನು ಏನು ತಾನೇ ಮಾಡೀಯ ಅಂತ ಮನೆಯವರ ಬಾಯಿಗೆ ನಾನೇ ಬೀಗ ಹಾಕಿದೆ. ವಿಡಿಯೊದಲ್ಲಿ "ಯಾವಾಗ ನೋಡಿದರೂ ಕೂತೇ ಇರ್ತೀಯಲ್ಲಪ್ಪಾ" ಅಂತ ನೀನು ರೇಗಿಸುತ್ತಿದ್ದೆ, "ನೀನೇನು ನಿಂತಿದ್ದೀಯಾ, ತೇಲ್ತಾ ಇದ್ದೀಯ" ಅಂತ ನಾನು ನುಣುಚಿಕೊಳ್ಳುತ್ತಿದ್ದೆ. ವ್ಯಾಯಾಮ ಮಾಡಿಸಲು ಬರುವ ಹೆಂಗಸು ನಿನಗಿಂತ ಬಾಯಿಜೋರು. "ಮಗಳು ಭೂಮಿ ಸುತ್ತಾ ಇದಾಳೆ, ನೀವು ಮಂಚ ಸುತ್ತೋಕೆ ಹೆದರ್ತೀರಲ್ಲ ಯಜಮಾನ್ರೇ" ಅನ್ನುತ್ತಿದ್ದಳು. ಆ ಮಾತಿನ ಏಟಿಗೇ ವಾಕರ್ ಹಿಡಿದೆ, ಆಮೇಲೆ ಕೋಲು.

ಕೂತಲ್ಲೇ ನಿನಗೊಂದು ಜೋಡು ಹೊಲಿದೆ. ಮೊದಲನೆಯದು ದಂಡವಾಯಿತು, ನಿನ್ನ ಕಾಲಿನ ಹಳೆಯ ಮರದ ಅಚ್ಚನ್ನೇ ನಂಬಿ ಹೊಲಿದಿದ್ದೆ. ಆಮೇಲೆ ನೀನೇ ಹೇಳಿದೆ, ಅಂಗಾಲಿನ ಗಟ್ಟಿ ಚರ್ಮವೆಲ್ಲ ಸುಲಿದು ಕೂಸಿನ ಕಾಲಿನಂತಾಗಿದೆ, ತೇಲಿಹೋಗದಂತೆ ಕಂಬಿಗೆ ಸಿಕ್ಕಿಸಿ ಸಿಕ್ಕಿಸಿ ಪಾದದ ಮೇಲುಭಾಗ ಒರಟಾಗಿದೆ ಅಂತ. ಮೇಲಿನಿಂದ ಸವೆಯುವ ಕಾಲನ್ನು ನಾನು ಕಂಡದ್ದು ಇದೇ ಮೊದಲು. ಅಚ್ಚಿನ ಅಡಿಯನ್ನು ಕೆತ್ತಿ, ಮೇಲೆ ಚರ್ಮದ ತುಂಡು ಅಂಟಿಸಿ, ಹೊಸದಾಗಿ ಹೊಲಿದೆ. ಒಳಗಿನ ಅಟ್ಟೆ ಎರಡು ಪದರ, ಕೆನ್ನೆಗೆ ಒತ್ತಿ ನೋಡಿದ್ದೇನೆ, ಮೆತ್ತಗಿದೆ.

ಡಾಕ್ಟರು ಹೇಳಿದಷ್ಟೇ ನಡೆ, ಶೂರತನ ಬೇಡ. ಅಮ್ಮ ನಿನ್ನ ಹಾಸಿಗೆಯನ್ನು ಮೂರು ಸಲ ಬಿಸಿಲಿಗೆ ಹಾಕಿದಳು. ಕ್ಷೌರದವನು ಕೇಳಿದನೆಂದು ಹೇಳು ಅಂದಿದ್ದಾನೆ. ಇಷ್ಟು ಎತ್ತರ ಹೋಗಿ ಬಂದ ನಿನ್ನ ಕಾಲು ಇನ್ನು ನೆಲದ ಮೇಲೆ ಗಟ್ಟಿಯಾಗಿ ಊರಲಿ.

ನಿನ್ನ ಅಪ್ಪ

ಮರೆತೆ: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ. ಈ ಪೆಟ್ಟಿಗೆಯಲ್ಲಿರುವುದು ನಲ್ಲಿವರೆಗೆ ನಡೆಯದೆ ಅಂಗಡಿ ಬಿಟ್ಟ ಮೊಟ್ಟಮೊದಲ ಜೋಡು. ಹಾಗಾಗಿ ಅದು ಇನ್ನೂ ನಿನ್ನದಲ್ಲ, ಹಾಕಿಕೊಂಡು ಬಂದು ನಡೆದು ತೋರಿಸು. ಅದೇ ಚರ್ಮದಲ್ಲಿ ನನಗೂ ಒಂದು ಜೋಡು ಹೊಲಿದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಕೋಲನ್ನು ಬಾಗಿಲಿಗೆ ಒರಗಿಸಿಟ್ಟು ನಲ್ಲಿವರೆಗೆ ಹೋಗಿ ಬಂದೆ. ಅಮ್ಮ ಹಿಂದೆಯೇ ಬಂದಳು, ನಾನು ಕೈ ಹಿಡಿಯಲು ಬಿಡಲಿಲ್ಲ. ಎಲ್ಲೂ ಕಚ್ಚಲಿಲ್ಲ.