ಅರ್ಜಿಯ ಜೊತೆಗಿನ ಮೂರನೇ ಹಾಳೆ

ಗೌನಿಪಲ್ಲಿ
9-1-2025, ಗುರುವಾರ

ಚಿರಂಜೀವಿ ಶಿವಾನಿಗೆ,

ನಿನ್ನ ಅಮ್ಮ ಕೊಂಡಮ್ಮ ತಲೆ ಸವರಿ ಮಾಡುವ ಆಶೀರ್ವಾದ. ಇಲ್ಲಿ ನಾನೂ ಎರಡು ಹಸುವೂ ಚೆನ್ನಾಗಿದ್ದೇವೆ. ಹತ್ತು ದಿನದಿಂದ ನೀನು ಫೋನ್ ಮಾಡಿದಾಗಲೆಲ್ಲ ಹೂಂ, ಉಹೂಂ ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದೆ. "ಕೋಪಾನೇನಮ್ಮ" ಎಂದು ಕೇಳಿದೆಯಲ್ಲ, ಕೋಪವಲ್ಲ. ಹೇಳಬೇಕಾದ್ದು ಒಂದಿತ್ತು. ಫೋನಿನಲ್ಲಿ ಶುರು ಮಾಡಿದರೆ ನೀನು ಅರ್ಧಕ್ಕೇ ಬಾಯಿ ಹಾಕುತ್ತೀ. ಕಾಗದವಾದರೆ ನಡುವೆ ಮಾತಾಡುವವರಿಲ್ಲ. ಬರೆಯಲು ಇಷ್ಟು ದಿನ ಹಿಡಿಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮೊದಲು ಒಳ್ಳೆಯ ಸುದ್ದಿ. ನಿನ್ನ ಅರ್ಜಿ ಒಪ್ಪಿಗೆಯಾಗಿದೆ. ನಿನ್ನೆ ಹಾಲು ಹಾಕಿ ಬರುತ್ತಿದ್ದಾಗ ಕಂಪ್ಯೂಟರ್ ಅಂಗಡಿಯ ಸುರೇಶ್ ರಸ್ತೆಗೇ ಬಂದು ನಿಲ್ಲಿಸಿದ. "ಕೊಂಡಮ್ಮಕ್ಕ, ನಿಮ್ ಹುಡುಗೀದು ಆಯ್ತು. ಸ್ಕಾಲರ್‌ಶಿಪ್ಪೂ ಆಯ್ತು, ಸರ್ಕಾರದ ಸಾಲಾನೂ ಆಯ್ತು. ಈಗಲಾದ್ರೂ ನನ್ ಅಂಗಡಿ ಮೆಟ್ಲು ಸವೆಸೋದು ಬಿಡಿ" ಎಂದ. "ಸವೆದಿದ್ರೆ ಸಿಮೆಂಟ್ ಹಾಕಿಸ್ಕೊಳಪ್ಪ" ಎಂದೆ. ಅವನು ತೆಗೆದುಕೊಟ್ಟ ಕಾಗದಗಳನ್ನೆಲ್ಲ ಈ ಕವರಿನಲ್ಲಿ ಇಟ್ಟಿದ್ದೇನೆ. ನಾಳೆ ಕೋಲಾರಕ್ಕೆ ಬರುವ ನಮ್ಮ ಅಂಗನವಾಡಿ ಟೀಚರ್ ಭಾರತಮ್ಮ ನಿನ್ನ ಹಾಸ್ಟೆಲಿಗೇ ಬಂದು ಕೊಡುತ್ತಾರೆ. ಇಪ್ಪತ್ತನೇ ತಾರೀಖಿನೊಳಗೆ ಕಾಲೇಜಿನ ಆಫೀಸಿಗೆ ಕೊಡಬೇಕು. ಆಮೇಲೆ ಕೊಟ್ಟರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ನಿಮ್ಮ ಆಫೀಸಿನವರು ಹೇಳಿದ್ದು ಮರೆಯಬೇಡ. ಕವರಿನ ಜೊತೆ ಒಂದು ಡಬ್ಬಿಯಲ್ಲಿ ಹಿದಕಿದ ಅವರೆಬೇಳೆ ಹುರಿದು ಕಳಿಸಿದ್ದೇನೆ. ಈ ಸಲ ಸೊಗಡು ಚೆನ್ನಾಗಿದೆ. ರೂಮಿನವರಿಗೂ ಕೊಡು, ಬಚ್ಚಿಟ್ಟುಕೊಂಡು ತಿನ್ನಬೇಡ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ. ನಿನ್ನ ಮಾತು ಮೀರಿದ್ದೇನೆ ಕಣಮ್ಮ.

ನಿನಗೆ ಗೊತ್ತಿರುವುದೇ. ಆದರೆ ಮೂರು ತಿಂಗಳಿಂದ ಆಫೀಸಿನವರಿಗೆ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ, ಹಾಗಾಗಿ ಮೊದಲಿಂದಲೇ ಬರೆಯುತ್ತೇನೆ. ನನ್ನ ತಂಗಿ ರಾಧಾ ನಿನ್ನನ್ನು ಹೆತ್ತಾಗ ನನಗೆ ಮದುವೆಯಾಗಿ ಹನ್ನೊಂದು ವರ್ಷ. ಮೂರನೇ ತಿಂಗಳಲ್ಲಿ ಟೇಕಲ್ಲಿನ ಅವರ ಮನೆಯಲ್ಲಿ, ನಮ್ಮಮ್ಮ ದೊಡ್ಡಗಂಗಮ್ಮ ಎಲೆ ಅಡಿಕೆ ಇಟ್ಟು, ನಾಲ್ಕು ಜನ ಹಿರಿಯರ ಮುಂದೆ ನಿನ್ನನ್ನು ನನ್ನ ಮಡಿಲಿಗೆ ಹಾಕಿದಳು. ನಮ್ಮಲ್ಲಿ ಅಷ್ಟಾದರೆ ಮುಗಿಯಿತು. ಕಾಗದ ಬರೆಸಬೇಕು ಎಂದು ಯಾರಿಗೆ ಹೊಳೆಯಬೇಕು? ಬರೆಸೋಣ ಎಂದು ಯಾರಾದರೂ ಅಂದಿದ್ದರೆ ಅಕ್ಕತಂಗಿಯರ ಮಧ್ಯೆ ನಂಬಿಕೆ ಇಲ್ಲವೇ ಎಂದು ಜಗಳವೇ ಆಗುತ್ತಿತ್ತು.

ಸ್ಕೂಲಿಗೆ ಸೇರಿಸಲು ನಿಮ್ಮಪ್ಪ ಶ್ರೀರಾಮಪ್ಪ ಕರೆದುಕೊಂಡು ಹೋದರು. ಮೇಷ್ಟ್ರು ಮಗುವಿನ ತಂದೆ ಯಾರು ಎಂದದ್ದಕ್ಕೆ "ಎದುರಿಗೆ ನಿಂತಿದೀನಲ್ಲ ಸಾರ್" ಎಂದರಂತೆ. ಬಂದು ನನಗೆ ಹೇಳುವಾಗ ಮೀಸೆ ಕೆಳಗೆ ನಗು. ಹಾಗೆ ಹತ್ತನೇ ತರಗತಿಯ ಅಂಕಪಟ್ಟಿಯವರೆಗೂ ಅವರ ಹೆಸರೇ ಬಂತು. ಆದರೆ ಹುಟ್ಟಿದ ಸರ್ಟಿಫಿಕೇಟಿನಲ್ಲಿ ತಂದೆ ಮುನೇಶ್, ತಾಯಿ ರಾಧಾ. ರೇಷನ್ ಕಾರ್ಡಿನಲ್ಲೂ ನೀನು ಅವರ ಮನೆಯವಳೇ. ಅದನ್ನು ಆಗಲೇ ಇಲ್ಲಿಗೆ ಬದಲಾಯಿಸಬಹುದಿತ್ತು. ಹೆಸರು ತೆಗೆಸಿ ಮತ್ತೆ ಸೇರಿಸುವಷ್ಟರಲ್ಲಿ ಐದಾರು ತಿಂಗಳ ಅಕ್ಕಿ ಹೋಗುತ್ತದೆ ಎಂದು ನಾವೇ ಬಿಟ್ಟೆವು. ನಿನ್ನ ಪಾಲಿನ ಅಕ್ಕಿಯನ್ನು ರಾಧಾ ಕೂಡಿಟ್ಟು, ಉಗಾದಿಗೊಮ್ಮೆ, ದಸರಾಕ್ಕೊಮ್ಮೆ ಮೂಟೆ ಕಟ್ಟಿ ತಂದುಕೊಡುತ್ತಿದ್ದಳು. ಆ ಅಕ್ಕಿಯಲ್ಲಿ ನೀನು ಬೆಳೆದೆ. ಅದೇ ಅಕ್ಕಿ ಈಗ ಅಡ್ಡ ಬಂತು.

ರೇಷನ್ ಕಾರ್ಡು ನೋಡಿ ಕೊಟ್ಟ ಜಾತಿ ಆದಾಯದ ಸರ್ಟಿಫಿಕೇಟು ಮುನೇಶನ ಹೆಸರಲ್ಲಿ, ಅಂಕಪಟ್ಟಿ ಶ್ರೀರಾಮಪ್ಪನವರ ಹೆಸರಲ್ಲಿ. ಅರ್ಜಿ ಎರಡು ಸಲ ವಾಪಸು ಬಂತು. ನಾನು ತಾಲ್ಲೂಕು ಕಚೇರಿಗೆ ಹೋಗಿ ಕೇಳಿದೆ. ಅಲ್ಲಿದ್ದ ಹೆಣ್ಣುಮಗಳು ಒಳ್ಳೆಯವಳೇ, ಕೂರಿಸಿ ನೀರು ಕೊಟ್ಟಳು. "ದತ್ತುಪತ್ರ ಇದ್ರೆ ಕೊಡಿ ಅಮ್ಮ, ನಿಮ್ ಕಡೇನೇ ಮಾಡ್ಕೊಡ್ತೀನಿ" ಎಂದಳು. ಇಲ್ಲ ಎಂದೆ. ಈಗ ಬರೆಸಿದರೆ ಆಗುತ್ತಾ ಎಂದೆ. "ಹುಡುಗೀಗೆ ಹತ್ತೊಂಬತ್ತಾಯ್ತಲ್ಲಮ್ಮ. ಹದಿನೈದು ದಾಟಿದ್ರೆ ಕಷ್ಟ. ಕೋರ್ಟು ಕಚೇರಿ ಅಂತ ಹೋದ್ರೆ ಅವಳ ಓದೇ ಮುಗಿದುಹೋಗುತ್ತೆ" ಎಂದಳು. ಉಳಿದದ್ದು ಒಂದೇ ದಾರಿ. ಸ್ಕೂಲಿನಲ್ಲಿ ಬರೆಸಿದ್ದು ತಪ್ಪು, ನಿಜವಾದ ತಂದೆ ಮುನೇಶ್ ಎಂದು ಛಾಪಾಕಾಗದದ ಮೇಲೆ ಪ್ರಮಾಣ ಮಾಡಿ ಕೊಡುವುದು.

ಇದನ್ನು ನಿನಗೆ ಹೇಳಿದ ದಿನ ನೀನು ಅಂದದ್ದು ನನಗೆ ಮರೆತಿಲ್ಲ. "ನಮ್ಮಪ್ಪನ ಹೆಸರು ಅಳಿಸಿ ಬರೋ ದುಡ್ಡು ನಂಗ್ಯಾಕಮ್ಮ? ನೀನು ಸೈನ್ ಮಾಡಿದ್ರೆ ನಾನು ಕಾಲೇಜು ಬಿಟ್ಟು ಬಂದು ಮಾವಿನ ಮಂಡೀಲಿ ನಿನ್ ಪಕ್ಕ ಕೂತ್ಕೊಂಡು ಕಾಯಿ ಆರಿಸ್ತೀನಿ." ಆಯಿತು ಬಿಡು, ಮಾಡುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಆ ಮಾತಿಗೆ ಒಂದು ವಾರವೂ ನಿಲ್ಲಲಿಲ್ಲ.

ಯಾಕೆ ಎಂದರೆ, ನಿಮ್ಮಪ್ಪ ಆಸ್ಪತ್ರೆಯಲ್ಲಿದ್ದ ಕೊನೆಯ ದಿನಗಳಲ್ಲಿ ಒಬ್ಬಳು ನರ್ಸಮ್ಮ ಬರುತ್ತಿದ್ದಳು. ಸಣ್ಣ ವಯಸ್ಸು. ಸೂಜಿ ಚುಚ್ಚುವ ಮೊದಲು "ತಾತಾ, ಈಗ ಸ್ವಲ್ಪ ನೋವಾಗುತ್ತೆ" ಎಂದು ಹೇಳಿಯೇ ಚುಚ್ಚುತ್ತಿದ್ದಳು. ಅವಳು ಹೋದ ಮೇಲೆ ನಿಮ್ಮಪ್ಪ ನನ್ನ ಕಡೆ ತಿರುಗಿ, "ಮನ ಪಿಲ್ಲ ಇಟ್ಲೇ ಉಂಡಾಲ" ಎಂದರು. ನಮ್ಮ ಹುಡುಗಿ ಹೀಗೇ ಇರಬೇಕು ಎಂದು. ಅವರ ಆಸೆ ದೊಡ್ಡದೋ ಅವರ ಹೆಸರು ದೊಡ್ಡದೋ ಎಂದು ನಾನು ನಾಲ್ಕೈದು ದಿನ ತೂಗಿ ನೋಡಿದೆ. ಅವರು ಇದ್ದಿದ್ದರೆ ಏನು ಮಾಡುತ್ತಿದ್ದರು ಎಂದು ನನಗೆ ಅನುಮಾನವಿರಲಿಲ್ಲ. ಮೊದಲು ಅವರೇ ಹೋಗಿ ಸಹಿ ಹಾಕಿ ಬಂದು, ಆಮೇಲೆ ಮೂರು ದಿನ ಊಟ ಬಿಡುತ್ತಿದ್ದರು.

ಹೊಸ ವರ್ಷಕ್ಕೆ ಮುಂಚಿನ ಸೋಮವಾರ ಶ್ರೀನಿವಾಸಪುರಕ್ಕೆ ಹೋದೆ. ರಾಧಾ, ಮುನೇಶ್ ಟೇಕಲ್ಲಿನಿಂದ ಬಂದರು. ಮುನೇಶ್ ಫ್ಯಾಕ್ಟರಿಗೆ ರಜೆ ಹಾಕಿ ಬಂದಿದ್ದ. ನೋಟರಿ ಉಮಾಶಂಕರ್ ಅವರ ಆಫೀಸಿನ ಬೆಂಚಿನ ಮೇಲೆ ಕೂತಿದ್ದಾಗ ರಾಧಾ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ಬೇಡ ಕಣಕ್ಕ. ಇವ್ರು ಪಿಎಫ್ ತೆಗೀತಾರೆ, ನನ್ ಓಲೆ ಇದೆ. ಹೆಂಗೋ ಆಗುತ್ತೆ, ಎದ್ದು ಬಾ" ಎಂದಳು. "ಮೂರು ವರ್ಷದ ಫೀಸಿಗೆ ನಿನ್ ಕಿವೀಲಿ ಎಷ್ಟು ಓಲೆ ಇದಾವೆ?" ಎಂದು ನಗಿಸಿದೆ. ಆ ನಗುವಿನಲ್ಲೇ ಮುನೇಶನ ಬಾಯಿ ಜಾರಿತು. "ಹೋಗ್ಲಿ ಬಿಡಿ ಅತ್ಗೆ, ಹಿಂಗಾದ್ರೂ ನಮ್ ಹುಡುಗಿ ನಮ್ ಹೆಸರಿಗೆ ಬಂದ್ಲು" ಎಂದ.

ರಾಧಾ ಅವನನ್ನು ನೋಡಿದ ನೋಟ ನೀನು ನೋಡಬೇಕಿತ್ತು. ಆಮೇಲೆ ಅವನು ತಲೆ ಎತ್ತಲಿಲ್ಲ. ಅವನ ಮೇಲೆ ಕೋಪ ಮಾಡಿಕೊಳ್ಳಬೇಡ ಶಿವಾನಿ. ಹತ್ತೊಂಬತ್ತು ವರ್ಷ ಆ ಮನುಷ್ಯ ನಿನ್ನ ಬಾಯಲ್ಲಿ ಚಿಕ್ಕಪ್ಪ ಎಂದೇ ಕರೆಸಿಕೊಂಡಿದ್ದಾನೆ. ಒಂದು ದಿನವೂ ತುಟಿ ಬಿಚ್ಚಿದವನಲ್ಲ. ಅವನಿಗೂ ಒಳಗೆ ಏನೋ ಇತ್ತು ಎಂದು ನನಗೆ ಅವತ್ತೇ ಗೊತ್ತಾದದ್ದು. ಮಡಿಲಿಗೆ ತೆಗೆದುಕೊಂಡವಳು ನಾನು, ಕೊಟ್ಟವರ ಕೈ ಖಾಲಿಯಾದದ್ದನ್ನು ಇಷ್ಟು ವರ್ಷ ಕಣ್ಣೆತ್ತಿ ನೋಡಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಇದೇ ಯೋಚನೆ.

ನೀನು ಕಾಲೇಜು ಬಿಡುವ ಮಾತು ಎತ್ತಬೇಡ. ಮಂಡಿಯಲ್ಲಿ ನನ್ನ ಪಕ್ಕ ಜಾಗ ಇಲ್ಲ, ದೊಡ್ಡಮುನಿಯಮ್ಮ ಕೂತಿರುತ್ತಾಳೆ, ಅವಳು ಎರಡು ಜನರ ಜಾಗ ಹಿಡಿಯುತ್ತಾಳೆ. ಆಫೀಸಿನಲ್ಲಿ ತಂದೆ ಯಾರು ಎಂದು ಕೇಳಿದರೆ ಕಾಗದದಲ್ಲಿ ಇರುವ ಹಾಗೇ ಹೇಳು. ಅಲ್ಲಿ ಒಂದು, ಇಲ್ಲಿ ಒಂದು ಹೇಳಿ ಸಿಕ್ಕಿಬೀಳಬೇಡ. ಸಂಕ್ರಾಂತಿಗೆ ರಜೆ ಸಿಕ್ಕಿದರೆ ಮೊದಲು ಟೇಕಲ್ಲಿಗೆ ಹೋಗಿ ಒಂದು ದಿನ ಇದ್ದು ಆಮೇಲೆ ಇಲ್ಲಿಗೆ ಬಾ. ಇದು ನಾನು ಬಲವಂತಕ್ಕೆ ಹೇಳುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಮುಟ್ಟಿದ ರೋಗಿಗಳ ನೋವು ಕಡಿಮೆಯಾಗಲಿ, ನಿನ್ನ ಕೈಗೆ ಒಳ್ಳೆಯ ಹೆಸರು ಬರಲಿ.

ಇಂತಿ ನಿನ್ನ ಅಮ್ಮ,
ಕೊಂಡಮ್ಮ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಕವರಿನಲ್ಲಿ ಮೂರನೇ ಹಾಳೆ ಆ ಪ್ರಮಾಣಪತ್ರ. ಅದನ್ನು ನೀನೇ ಕೈಯಾರೆ ಆಫೀಸಿಗೆ ಕೊಡಬೇಕು, ಓದದೆ ಇರುವವಳಲ್ಲ ನೀನು. ನಿಮ್ಮಪ್ಪನ ಹೆಸರು ತೆಗೆಯುವುದಕ್ಕೆ ನಾನು ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಆದರೆ ಅದರಲ್ಲಿ ಎರಡನೇ ಸಾಲು ಹೀಗಿದೆ: "ನನಗೆ ಮಕ್ಕಳಿರುವುದಿಲ್ಲ." ಇದು ಬೇಕೇ ಸ್ವಾಮಿ ಎಂದು ಕೇಳಿದೆ. ಅದಿಲ್ಲದಿದ್ದರೆ ಮತ್ತೆ ವಾಪಸು ಕಳಿಸುತ್ತಾರೆ ಎಂದರು. ಸಹಿ ಹಾಕುವ ಮೊದಲು ಉಮಾಶಂಕರ್ ಅವರು ಕನ್ನಡಕ ತೆಗೆದು, "ಬರೆದಿರೋದೆಲ್ಲ ನಿಜ ತಾನೇನಮ್ಮ?" ಎಂದು ಕೇಳಿದರು. ರಾಧಾ ಪಕ್ಕದಲ್ಲೇ ಇದ್ದಳು. ನಾನು "ನಿಜ" ಎಂದೆ. ನೀನು ಬಂದಾಗ ಇದನ್ನು ಕೇಳಬೇಡ ಎಂದು ಬರೆಯಲು ಹೊರಟಿದ್ದೆ. ಬೇಡ, ಕೇಳು.